ನೆತ್ತಿ ಸವರಿದ ಚಮಚ

ಬಿತ್ತನೆ ಗಡ್ಡೆಯ ಲಾರಿಗಳು ಹಾಸನಕ್ಕೆ ಬರುವ ಹೊತ್ತಿಗೆ
ತೂಕದ ಹಿರಿಯಣ್ಣಯ್ಯನ ಕಾಲ್ಬೆರಳ ಗಾಯಕ್ಕೆ
ಮೂರು ತಿಂಗಳು.
ಕ್ರೇಟಿನ ಮೂಲೆ ತಾಗಿ ಆದದ್ದು, ಅವರೆಕಾಳಿನಷ್ಟು;
ಮುಚ್ಚಲೊಲ್ಲದು.

ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟು ಅಂದರಂತೆ:
ಸಕ್ಕರೆ ಬಿಡಿ, ಬೀಡಿ ಬಿಡಿ, ನಡೀರಿ.
ಸೋಮವಾರ ಎಲ್ಲ ಬಿಟ್ಟ.
ಮಂಡಿಯ ತುಂಬ ಹೇಳಿಕೊಂಡು ತಿರುಗಿದ.
ಗುರುವಾರ ಎಲ್ಲ ಹಿಡಿದ.
ಮಾತ್ರೆಯೊಂದು ಉಳಿಯಿತು
ಜೇಬಿನಲ್ಲಿ, ಬೀಡಿಕಟ್ಟಿನ ಪಕ್ಕ.

"ದೇವೀರಕ್ಕ, ಎಂದಿನಂತೆ" ಅಂದ
ನನ್ನ ಗೂಡಂಗಡಿಯ ಮುಂದೆ, ಮುಖ ಕೊಡದೆ.
ಎಂದಿನಂತೆ ಅಂದರೆ ಗೋಪುರ ಎದ್ದ ಚಮಚ,
ದಿನಕ್ಕೆ ನಾಲ್ಕು ಲೋಟ.

ನನಗೆ ಓದು ಕಡಿಮೆ. ಆದರೆ ಮಗಳಿಗೆ ಮೊಲೆ ಬಿಡಿಸಿದ್ದೇನೆ.
ಬೇವು ಅರೆದು ಹಚ್ಚಿಕೋ ಅಂದಳು ಓರಗಿತ್ತಿ.
ಕೂಸನ್ನು ಇಲ್ಲಿ ಬಿಟ್ಟು ತವರಿಗೆ ಹೋಗು ಅಂದಳು ಅತ್ತೆ.
ನಾನು ಮೊದಲು ಮಧ್ಯಾಹ್ನದ್ದೊಂದನ್ನು ಮರೆಸಿದೆ,
ಗುಬ್ಬಿ ತೋರಿಸಿ, ರಾಗಿ ಮಣ್ಣಿ ತಿನ್ನಿಸಿ.
ಹದಿನೈದು ದಿನಕ್ಕೆ ಸಂಜೆಯದನ್ನು.
ಕೊನೆಗುಳಿದ ನಡುರಾತ್ರಿಯದನ್ನು ಅವಳೇ ಮರೆತಳು,
ಅಳಲಿಲ್ಲ.
ಅತ್ತದ್ದು ನಾನು.

ಆವತ್ತು ಅದೇ ನೆನಪಾಗಿ
ಗೋಪುರದ ತುದಿಯನ್ನು ಹೆಬ್ಬೆರಳಲ್ಲಿ ಸವರಿದೆ.
ಉದುರಿದ್ದು ಎರಡಿರುವೆಯ ಮನೆಗೆ ಸಾಕಾಗುವಷ್ಟು.
ಖಾಲಿ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿಟ್ಟೆ.
ಕದ್ದ ಮಾಲು; ಒಡೆಯನ ಹೆಸರಲ್ಲೇ ಇರಲಿ ಅಂತ.

ಕುಡಿದ. ಲೋಟ ಇಟ್ಟ. ಹೋದ.

ಆರಿದ್ರೆ ಮಳೆಗೆ ಚಮಚ ಮಟ್ಟವಾಯಿತು.
ಮಘೆಯ ಹೊತ್ತಿಗೆ ಅದರ ಅಂಚು ಕಂಡಿತು.
ಗೌರಿಹಬ್ಬಕ್ಕೆ ಮಾವನ ಮನೆಗೆ ಹೋಗಿ
ಆರು ಹೋಳಿಗೆ ತಿಂದು ಬಂದ, ತುಪ್ಪದ ಸಮೇತ;
ಬಂದು ನನಗೇ ಹೇಳಿದ.
ಸಿಟ್ಟಿಗೆ ಇನ್ನೂ ಕಡಿಮೆ ಹಾಕೋಣ ಅನ್ನಿಸಿತು.
ಹಾಕಲಿಲ್ಲ, ಹಿಂದಿನ ದಿನದಷ್ಟೇ ಹಾಕಿದೆ.
ಜ್ವರ ಬಂದ ರಾತ್ರಿ ಮಗಳು ಮತ್ತೆ ಮೊಲೆ ಕೇಳಿದ್ದಳು,
ಕೊಟ್ಟಿದ್ದೆ.

ಮಾತ್ರೆ ತಪ್ಪಿಸಲಿಲ್ಲ, ಅದನ್ನೂ ಹೇಳಬೇಕು.
ಗಾಯ ಒಣಗತೊಡಗಿದ ಮೇಲೆ ನೋಡುತ್ತೇನೆ,
ಸಾಲಗಾಮೆ ಕಡೆಯ ಬಸ್ಸಿನಿಂದ ಒಂದು ಸ್ಟಾಪು ಹಿಂದೆಯೇ ಇಳಿದು
ನಡೆದು ಬರುತ್ತಿದ್ದಾನೆ.
ಮೊದಮೊದಲು ಪ್ರತಿ ಕರೆಂಟು ಕಂಬಕ್ಕೂ ನಿಂತು,
ಆಮೇಲೆ ಎರಡು ಕಂಬಕ್ಕೊಮ್ಮೆ.
"ಯಾಕಣ್ಣಯ್ಯ?" ಅಂದೆ.
"ಬಸ್ಸಲ್ಲಿ ಸೆಕೆ" ಅಂದ.
ಜಿಟಿಜಿಟಿ ಸೋನೆ ಬೀಳುತ್ತಿತ್ತು.

ದೀಪಾವಳಿಯ ಹೊತ್ತಿಗೆ ಬೆರಳ ಮೇಲೆ
ಎಳೆ ಗಡ್ಡೆಯ ಸಿಪ್ಪೆಯಂಥ ಚರ್ಮ.
ಬಾಟ್ಲಿ ಎತ್ತಿ ಅವನ ಮುಂದಿಟ್ಟೆ, ಎಲ್ಲ ಒಪ್ಪಿಕೊಂಡೆ.
ನಗಲಿಲ್ಲ. ಅಂಗೈ ಮೇಲೆ ಹಿಡಿದ, ಕಣ್ಣು ಮುಚ್ಚಿದ.
"ಬಾಟ್ಲಿ ಕಳೆದು ಒಂದು ಕೆಜಿ ಏಳ್ನೂರು."
ತಕ್ಕಡಿಗೆ ಸುರಿದು ನೋಡಿದರೆ ಹತ್ತು ಗ್ರಾಂ ಆಚೀಚೆ.

"ಮೂವತ್ತೊಂದು ವರ್ಷ ತೂಗಿದೋನು ಕಣಕ್ಕ.
ಮೊದಲ ದಿನವೇ ಗೊತ್ತಾಯ್ತು, ನಾಲಿಗೆಗೆ."
"ಮತ್ತೆ ಯಾಕೆ ಕೇಳಲಿಲ್ಲ?"
"ಕೇಳಿದ್ದರೆ ನೀನು ಹಾಕಿಬಿಡ್ತಿದ್ದೆ."

ಬೀಡಿ ಇನ್ನೂ ಇದೆ. ಹನ್ನೆರಡು ಏಳಾಗಿದೆ.
ಅದಕ್ಕೂ ಎಲ್ಲೋ ಒಂದು ಬಾಟ್ಲಿ ಇಟ್ಟಿದ್ದಾನೋ ಏನೋ,
ನಾನು ಕೇಳಿಲ್ಲ.

ಹೋಗುವಾಗ ನನ್ನ ಪಾದ ನೋಡಿದ.
ಹದಿನೇಳು ವರ್ಷ ನಿಂತೇ ಟೀ ಕಾಸಿ
ನಿಂತೇ ಕುಡಿದ ಪಾದ, ಬನ್ನಿನ ಹಾಗೆ ಊದಿದ್ದು.
ಏನೂ ಅನ್ನಲಿಲ್ಲ.
ಹಬ್ಬ ಕಳೆದು ಮಂಡಿ ತೆರೆದ ದಿನ
ಒಂದು ಹಳೆಯ ಕ್ರೇಟು ತಂದು
ಒಲೆಯ ಪಕ್ಕ ಬೋರಲು ಹಾಕಿ ಹೋದ.

ಇವತ್ತು ಒಂದು ಲೋಟ ಕೂತು ಕುಡಿದೆ.
ಒಂದೇ.
ಹಾಲು ಉಕ್ಕಿತು. ಗಿರಾಕಿ ಕೂಗಿದ.
ಕೊನೆಯ ಗುಟುಕು ಇರುವಾಗಲೇ ಎದ್ದುಬಿಟ್ಟೆ.
ನಾಳೆ
ಮುಗಿಸಿ ಏಳುತ್ತೇನೆ.